ತಪ್ಪು ನನ್ನದು ಎಂದ ಸುಮಿತ್ರಮ್ಮ

"ಕೆಸದ ಸೊಪ್ಪು ಅಂದ್ರೆ ಹಂಗೇ ಮಾರಾಯ್ರೆ, ಅದಕ್ಕೆ ಹುಳಿ ಬೀಳ್ಬೇಕು. ಹುಳಿ ಬಿದ್ರೆ ಹಸುವಿನ ಹಂಗೆ ಸಾಧು, ಬೀಳದೆ ಹೋದ್ರೆ ಗಂಟಲು ಹಿಡ್ಕೊಳ್ತದೆ. ನಮ್ಮ ಕಡೆ ಸಣ್ಣ ಮಕ್ಕಳಿಗೂ ಗೊತ್ತಿರೋ ಸಂಗತಿ ಇದು. ನಂಗೆ ಗೊತ್ತಿರ್ಲಿಲ್ಲ ಅಂದ್ರೆ ನನ್ನ ಬಾಯಲ್ಲಿ ಹುಳ ಬೀಳ್ತದೆ. ಅವತ್ತು ಬುಧವಾರ. ಈ ವರ್ಷದ ವಾಟೆಹುಳಿ, ಕಾಯಿ ಹೆಚ್ಚಿ ಒಣಗಿಸಿದ್ದು, ಇನ್ನೂ ಯಾರೂ ತಂದುಕೊಟ್ಟಿರ್ಲಿಲ್ಲ. ಹೋದ ವರ್ಷದ್ದು ಡಬ್ಬಿ ತಳದಲ್ಲಿ ಎರಡು ಹಿಡಿ ಇತ್ತು, ಅದನ್ನೇ ಹಾಕಿ ಕುದಿಸ್ದೆ. ಬಣ್ಣ ಬಂತು, ಪರಿಮಳವೂ ಬಂತು. ಹಳೇ ಹುಳಿಗೆ ಬಣ್ಣ ಉಳಿದಿರ್ತದೆ, ಕಸು ಉಳಿದಿರಲ್ಲ. ಆಮೇಲೆ ಒಂದು ಬೊಟ್ಟು ನಾಲಿಗೆ ಮೇಲೆ ಇಟ್ಕೊಂಡು ನೋಡ್ದೆ. ನಂಗೆ ಎಂತದೂ ಆಗ್ಲಿಲ್ಲ. ಹೆಂಗೆ ಆಗ್ತದೆ ಹೇಳಿ? ನಲವತ್ತು ವರ್ಷ ಎಲೆಅಡಿಕೆ, ಸುಣ್ಣ, ಹೊಗೆಸೊಪ್ಪು ಜಗಿದ ಬಾಯಿ ಇದು. ಕೆಸ ಎಂತ, ಕೆಂಡ ಇಟ್ರೂ ತಡವಾಗಿ ಗೊತ್ತಾಗ್ತದೆ. ಆ ನಾಲಿಗೆ ನಂಬಿ ಮಕ್ಕಳಿಗೆ ಬಡಿಸಿಬಿಟ್ಟೆ. ಹನ್ನೊಂದು ಮಕ್ಕಳಿಗೆ ಗಂಟಲು ತುರಿಸ್ತು, ಇಬ್ರಿಗೆ ತುಟಿ ಊದ್ತು. ಬೆಲ್ಲ ಕೊಟ್ಟೆ, ಮಜ್ಜಿಗೆ ಕುಡಿಸ್ದೆ. ಸಂಜೆ ಹೊತ್ತಿಗೆ ಎಲ್ಲ ಅಂಗಳದಲ್ಲಿ ಕುಂಟಾಬಿಲ್ಲೆ ಆಡ್ತಿದ್ರು. ತಪ್ಪು ನನ್ನದು, ಬೇರೆ ಯಾರದ್ದೂ ಅಲ್ಲ. ನಡೆದದ್ದು ಇಷ್ಟೇ."

ಇದೇ ಮಾತನ್ನು ಸುಮಿತ್ರಮ್ಮ ಎಷ್ಟು ಜನರ ಮುಂದೆ ಹೇಳಿದರೋ. ಮಕ್ಕಳ ತಂದೆತಾಯಂದಿರಿಗೆ ಹೇಳಿದರು, ಕಮ್ಮರಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದವರಿಗೆ ಹೇಳಿದರು, ಮನೆಗೆ ಬಂದ ದೊಡ್ಡವರಿಗೂ ಹೇಳಿದರು. ಕೇಳಿದವರೆಲ್ಲ ತಲೆ ಆಡಿಸಿದರು. ಹೇಳಿದ ಹಾಗೆ ಬರೆದುಕೊಂಡವರು ಮಾತ್ರ ಒಬ್ಬರೂ ಇಲ್ಲ.

ಸುಮಿತ್ರಮ್ಮನ ತೌರು ಬಾಳೆಹೊನ್ನೂರಿನ ಹತ್ತಿರ. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟವರು. ಸಹಿ ಹಾಕಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ, ಅದಕ್ಕಿಂತ ಹೆಚ್ಚು ಬೇಕಾಗಿಯೂ ಇರಲಿಲ್ಲ. ಗಂಡ ರೇಣುಕಪ್ಪ ಕೊಪ್ಪ-ನರಸಿಂಹರಾಜಪುರದ ನಡುವೆ ಓಡುತ್ತಿದ್ದ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಈಗ ಬಸ್ಸು ಇಳಿದು ಮನೆಯ ಜಗಲಿ ಹತ್ತಿದ್ದಾರೆ, ಬಾಯಿ ಮಾತ್ರ ಇನ್ನೂ ಟಿಕೆಟ್ ಹರಿಯುತ್ತಲೇ ಇದೆ. ಇದ್ದೊಬ್ಬ ಮಗಳು ನಿಶ್ಚಿತಾಳನ್ನು ಶೃಂಗೇರಿಗೆ ಕೊಟ್ಟಿದೆ.

ಕಮ್ಮರಡಿಯ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಸುಮಿತ್ರಮ್ಮ ಒಲೆ ಹಚ್ಚಲು ಶುರು ಮಾಡಿ ಹತ್ತೊಂಬತ್ತು ವರ್ಷ. ಮಲೆಸಿರಿ ವಿದ್ಯಾಸಂಘದ ಹಾಸ್ಟೆಲ್ಲು ಅದು. ಆ ಸಂಘಕ್ಕೆ ಮೂರು ತಾಲ್ಲೂಕುಗಳಲ್ಲಿ ಶಾಲೆಗಳಿವೆ, ಕೊಪ್ಪದಲ್ಲಿ ಕಚೇರಿ ಇದೆ, ಗೋಡೆಯ ಮೇಲೆ ಹಿರಿಯರ ಫೋಟೋಗಳಿವೆ. ಹಾಸ್ಟೆಲ್ಲಿನಲ್ಲಿರುವುದು ಅರವತ್ತೆರಡು ಹುಡುಗಿಯರು. ಬೆಳಗ್ಗೆ ಅಕ್ಕಿ ಅಳೆಯುವಾಗ ಸುಮಿತ್ರಮ್ಮ ಒಂದು ಎರಡು ಎಂದು ಎಣಿಸುವವರಲ್ಲ. ಒಬ್ಬೊಬ್ಬಳ ಹೆಸರು ಹೇಳಿ ಒಂದೊಂದು ಪಾವು ಹಾಕುತ್ತಿದ್ದರು. "ಶಿಲ್ಪಶ್ರೀ, ನೀನು ಜ್ವರ ಬಂದೆದ್ದವಳು, ನಿಂಗೆ ಮುಕ್ಕಾಲೇ ಸಾಕು" ಎಂದು ಅಕ್ಕಿಯ ಜೊತೆಯೇ ಮಾತಾಡುತ್ತಿದ್ದರು. ಯಾವಳು ಊರಿಗೆ ಹೋಗಿದ್ದಾಳೆ, ಯಾವಳು ಮುನಿಸಿಕೊಂಡು ಉಣ್ಣುವುದಿಲ್ಲ ಎನ್ನುವುದು ಹಾಜರಿ ಪುಸ್ತಕಕ್ಕಿಂತ ಮೊದಲು ಅವರ ಪಾವಿಗೆ ಗೊತ್ತಾಗುತ್ತಿತ್ತು.

ಕೆಸದ ಬುಧವಾರ ತುಟಿ ಊದಿಸಿಕೊಂಡವರಲ್ಲಿ ಒಬ್ಬಳು ಅರ್ಪಣಾ. ಕನ್ನಡಿಯಲ್ಲಿ ಮುಖ ನೋಡಿಕೊಂಡು ನಕ್ಕವಳೂ ಅವಳೇ, ಸಂಜೆ ವಾರ್ಡನ್ ಫೋನಿನಲ್ಲಿ ಫೋಟೋ ಹಿಡಿದು ಅಪ್ಪನಿಗೆ ಕಳಿಸಿದವಳೂ ಅವಳೇ. "ಅಪ್ಪಾ, ನಾನು ಹನುಮಂತ ಆಗಿದ್ದೀನಿ" ಎಂದು ತಮಾಷೆಗೆ ಬರೆದಿದ್ದಳಂತೆ. ಅಪ್ಪ ತಮಾಷೆ ಬಿಟ್ಟು ಫೋಟೋ ಮಾತ್ರ ಇನ್ನೊಬ್ಬರಿಗೆ ಕಳಿಸಿದ. ಮಾರನೆಯ ದಿನ ನಿಶ್ಚಿತಾ ಶೃಂಗೇರಿಯಿಂದ ಫೋನು ಮಾಡಿದಳು.

"ಅಮ್ಮ, ನಿನ್ನ ಹಾಸ್ಟೆಲ್ಲಿನ ಮಕ್ಕಳಿಗೆ ವಿಷ ಹಾಕಿದ್ರಂತೆ ಹೌದಾ? ನಮ್ಮ ಬೀದಿ ಗ್ರೂಪಲ್ಲಿ ಬಂದದೆ."

"ವಿಷ ಎಲ್ಲಿಂದ ಬಂತೇ? ಕೆಸ ಕಣೇ" ಎಂದರು ಸುಮಿತ್ರಮ್ಮ.

ಮಗಳು ಗ್ರೂಪಿಗೆ ಹಾಗೆಯೇ ಬರೆದಳು. ಯಾರೂ ನೋಡಲಿಲ್ಲ.

ಆ ತಿಂಗಳ ಕೊನೆಗೆ ಸಂಘದ ಅಧ್ಯಕ್ಷರ ಆಯ್ಕೆ ಇತ್ತು. ಹನ್ನೆರಡು ವರ್ಷದಿಂದ ಗಂಗಾಧರ್ ಅಧ್ಯಕ್ಷರು. ಕಾಲೇಜಿನಲ್ಲಿ ಪ್ರಿನ್ಸಿಪಾಲರಾಗಿ ನಿವೃತ್ತಿ ಆದವರು, ಬಿಳಿ ಬಟ್ಟೆ, ಮೆದು ಮಾತು. ಅವರ ಎದುರು ನಿಂತವರು ಕೊಪ್ಪದ ವಕೀಲ ಯಜ್ಞೇಶ. ಇಬ್ಬರೂ ಒಳ್ಳೆಯ ಮನೆತನದವರು, ಓದಿದವರು, ಎದುರು ಸಿಕ್ಕರೆ ಕೈ ಮುಗಿಯುವವರು. ಹಾಸ್ಟೆಲ್ಲಿನ ಅಡುಗೆಮನೆ ಯಾವ ದಿಕ್ಕಿಗಿದೆ ಎಂದು ಇಬ್ಬರನ್ನೂ ಕೇಳಿದ್ದರೆ ಇಬ್ಬರೂ ವಾರ್ಡನ್ ಮುಖ ನೋಡುತ್ತಿದ್ದರು.

ಸುಮಿತ್ರಮ್ಮನ ಮನೆಗೆ ಮೊದಲು ಬಂದವರು ಯಜ್ಞೇಶ. ಶನಿವಾರ ಮಧ್ಯಾಹ್ನ ಕಾರು ರಸ್ತೆಯಲ್ಲೇ ನಿಲ್ಲಿಸಿ ನಡೆದು ಬಂದರು. ರೇಣುಕಪ್ಪ ಕುರ್ಚಿ ತರಲು ಎದ್ದರೆ ಬೇಡವೆಂದು ನೆಲದ ಮೇಲೆಯೇ ಕುಳಿತರು. ಬೆಲ್ಲ ನೀರು ಕೊಟ್ಟರೆ ಪೂರ್ತಿ ಕುಡಿದರು. ಸುಮಿತ್ರಮ್ಮನನ್ನು ತಾಯಿ ಎಂದರು. ಸುಮಿತ್ರಮ್ಮನಿಗೆ ಎದೆ ತುಂಬಿ ಬಂದದ್ದು ಸುಳ್ಳಲ್ಲ. ಅಷ್ಟು ದೊಡ್ಡವರು ಅಷ್ಟು ಕೆಳಗೆ ಕುಳಿತದ್ದನ್ನು ಅವರು ಹತ್ತಿರದಿಂದ ಕಂಡಿರಲಿಲ್ಲ. ನಡೆದದ್ದನ್ನು ಮೊದಲಿನಿಂದ ಹೇಳಿದರು. ಹುಳಿ ಹಳತಾಗಿದ್ದು, ತನ್ನ ನಾಲಿಗೆ ಜಡ್ಡಾಗಿದ್ದು, ಬೆಲ್ಲ ಕೊಟ್ಟದ್ದು.

ಯಜ್ಞೇಶ ಕಣ್ಣು ಮುಚ್ಚಿ ಕೇಳಿ, "ತಾಯಿ, ನೀವು ತಪ್ಪು ಮಾಡಿಲ್ಲ. ನಿಮ್ಮ ಕೈಯಲ್ಲಿ ತಪ್ಪು ಮಾಡಿಸಿದ್ದಾರೆ" ಎಂದರು.

"ಯಾರೂ ಮಾಡಿಸಿಲ್ಲ ಸ್ವಾಮಿ. ನಾನೇ."

"ಅದು ನಿಮ್ಮ ದೊಡ್ಡತನ. ಡಬ್ಬಿಯಲ್ಲಿ ಹೊಸ ಹುಳಿ ಯಾಕೆ ಇರ್ಲಿಲ್ಲ? ಅದಕ್ಕೆ ಹೊಣೆ ಯಾರು? ಮೇಲೆ ಕೂತವರಿಗೆ ಒಂದು ನೈತಿಕತೆ ಬೇಡವಾ?"

ಡಬ್ಬಿಯ ಹುಳಿಗೂ ಮೇಲೆ ಕೂತವರಿಗೂ ಸಂಬಂಧವೇ ಇರಲಿಲ್ಲ. ವಾಟೆಹುಳಿಯನ್ನು ಸಂಘ ಕೊಡುವುದಲ್ಲ. ಮೇಗುಂದದ ಕಡೆಯ ಒಬ್ಬಳು ಹುಡುಗಿಯ ಅಜ್ಜಿ ಪ್ರತಿವರ್ಷ ಚೀಲದಲ್ಲಿ ಕಟ್ಟಿ ಕಳಿಸುವುದು, ಈ ವರ್ಷ ಆಕೆಗೆ ಹುಷಾರಿರಲಿಲ್ಲ. ಸುಮಿತ್ರಮ್ಮ ಅದನ್ನೂ ಹೇಳಿದರು. ಅಷ್ಟು ಹೊತ್ತಿಗೆ ಯಜ್ಞೇಶ ಬರೆಯಲು ತೊಡಗಿದ್ದರು. ಬರೆದು ಮುಗಿಸಿ ಗಟ್ಟಿಯಾಗಿ ಓದಿದರು. ಓದುವ ಧಾಟಿ ಹರಿಕಥೆಯಷ್ಟು ಚೆನ್ನಾಗಿತ್ತು. ಅದರಲ್ಲಿ ಬಡ ಹೆಣ್ಣಿನ ಘನತೆ ಇತ್ತು, ಹಸಿದ ಮಕ್ಕಳ ಅನ್ನ ಇತ್ತು, ಮೇಲೆ ಕೂತವರ ಹೊಣೆಗೇಡಿತನ ಇತ್ತು, ಆತ್ಮಸಾಕ್ಷಿ ಇತ್ತು, ಸುಮಿತ್ರಮ್ಮನ ಹೆಸರು ಮೂರು ಸಲ ಬಂತು. ಕೆಸದ ಹೆಸರು ಒಂದು ಸಲವೂ ಬಂದ ಹಾಗೆ ಕಾಣಲಿಲ್ಲ.

"ಇದು ನೀವು ಹೇಳಿದ್ದೇ ತಾಯಿ. ಸ್ವಲ್ಪ ಭಾಷೆಗೆ ತಂದಿದ್ದೀನಿ ಅಷ್ಟೇ."

ಮನೆಗೆ ಬಂದು ನೀರು ಕುಡಿದವರ ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವುದು ಹೇಗೆ? ಸುಮಿತ್ರಮ್ಮ ಸಹಿ ಹಾಕಿದರು. ಅವರು ಹೋದ ಮೇಲೆ ರೇಣುಕಪ್ಪ, "ಎಂತ ಬರೆದಿದ್ದಾರೆ ಅಂತ ಗೊತ್ತಾಯ್ತನ ನಿಂಗೆ?" ಎಂದು ಕೇಳಿದರು. ಪೂರ್ತಿ ಗೊತ್ತಾಗಲಿಲ್ಲ ಎಂದರು ಸುಮಿತ್ರಮ್ಮ. "ನಂಗೆ ಪೂರ್ತಿ ಗೊತ್ತಾಯ್ತು. ಬಸ್ಸು ಅವರದ್ದು, ನೀನು ಟಾಪಿನ ಮೇಲಿನ ಮೂಟೆ" ಎಂದು ಅವರು ಬೀಡಿ ಹಚ್ಚಿಕೊಂಡರು.

ಎರಡು ದಿನ ಬಿಟ್ಟು ಗಂಗಾಧರ್ ಕರೆಸಿದರು. ಕೊಪ್ಪದ ಕಚೇರಿಗೆ ಸುಮಿತ್ರಮ್ಮ ಹತ್ತೊಂಬತ್ತು ವರ್ಷದಲ್ಲಿ ನಾಲ್ಕೈದು ಸಲ ಹೋಗಿದ್ದರು, ಪ್ರತಿಸಲವೂ ಬಾಗಿಲಲ್ಲಿ ನಿಂತು ಬಂದಿದ್ದರು. ಈ ಸಲ ಕುರ್ಚಿ ಕೊಟ್ಟರು. ಕುರ್ಚಿಯ ಅಂಚಿನಲ್ಲಿ ಕುಳಿತು ಸೆರಗಿನ ತುದಿ ಸುತ್ತುತ್ತಾ ಕೇಳಿದರು. ಗಂಗಾಧರ್ ಬಹಳ ಹೊತ್ತು ಸಂಘದ ಕಥೆ ಹೇಳಿದರು. ಹಿರಿಯರು ತಲೆಯ ಮೇಲೆ ಕಲ್ಲು ಹೊತ್ತು ಶಾಲೆ ಕಟ್ಟಿದ್ದು, ತ್ಯಾಗ, ಮೌಲ್ಯ, ಒಂದು ಕೆಟ್ಟ ಹೆಸರು ಬಂದರೆ ನೂರು ವರ್ಷ ತೊಳೆದರೂ ಹೋಗದಿರುವುದು. ಸುಮಿತ್ರಮ್ಮ ಹೌದು ಸ್ವಾಮಿ, ಹೌದು ಸ್ವಾಮಿ ಎಂದರು. ಆಮೇಲೆ ಅವರು ಒಂದು ಕಾಗದ ಮುಂದೆ ಇಟ್ಟರು. ಆ ದಿನ ಹಾಸ್ಟೆಲ್ಲಿನಲ್ಲಿ ಯಾವ ಘಟನೆಯೂ ನಡೆದಿಲ್ಲ, ಮಕ್ಕಳು ಹೊರಗೆ ಕಾಡುಹಣ್ಣು ತಿಂದಿದ್ದರು ಎಂದು ಅದರಲ್ಲಿ ಇತ್ತು.

"ತುರಿಸಿದ್ದು ಹೌದಲ್ಲ ಸ್ವಾಮಿ. ಕೆಸದ್ದು. ನನ್ನ ತಪ್ಪು" ಎಂದರು ಸುಮಿತ್ರಮ್ಮ.

ಗಂಗಾಧರ್ ಸಿಟ್ಟಾಗಲಿಲ್ಲ, ಅವರು ಸಿಟ್ಟಾಗುವವರೇ ಅಲ್ಲ. "ನಿಮ್ಮ ತಪ್ಪು ಅಂತ ಬರೆದರೆ ಅಲ್ಲಿಗೇ ನಿಲ್ತದಾ ಸುಮಿತ್ರಮ್ಮ? ಬಡಿಸೋ ಮೊದಲು ವಾರ್ಡನ್ ರುಚಿ ನೋಡ್ಬೇಕು ಅಂತ ನಿಯಮ ಇದೆ. ಅವತ್ತು ವನಮಾಲಾ ಎಲ್ಲಿದ್ರು?"

ವಾರ್ಡನ್ ವನಮಾಲಾ ಅಂದು ಸಂಜೆಯವರೆಗೂ ಕೊಪ್ಪದಲ್ಲಿದ್ದಳು, ಇದೇ ಗಂಗಾಧರ್ ಕರೆದಿದ್ದ ಮೌಲ್ಯ ಶಿಕ್ಷಣದ ಸಭೆಯಲ್ಲಿ. ಎರಡು ಸಣ್ಣ ಮಕ್ಕಳ ತಾಯಿ, ಗಂಡ ಬಿಟ್ಟುಹೋದವಳು, ಹಾಸ್ಟೆಲ್ಲಿನ ಮೂಲೆಯ ಕೋಣೆಯೇ ಅವಳ ಮನೆ. ಅದಕ್ಕೇ ಸುಮಿತ್ರಮ್ಮ ಯಾರ ಮುಂದೆಯೂ ಅವಳ ಹೆಸರು ಎತ್ತಿರಲಿಲ್ಲ. ಈಗ ಎತ್ತಿದವರು ಅಂದು ಅವಳನ್ನು ಸಭೆಗೆ ಕರೆದು ಕೂರಿಸಿದ್ದವರೇ. ನೀವು ಕರೆದಿದ್ದಕ್ಕೇ ಅವಳು ಬಂದಿದ್ದಲ್ಲವೇ ಎನ್ನುವ ಮಾತು ನಾಲಿಗೆ ತುದಿಗೆ ಬಂದು ಕುಳಿತಿತು. ಕುರ್ಚಿ ಕೊಟ್ಟವರಿಗೆ ಅದನ್ನು ಹೇಳುವುದು ಹೇಗೆ? ಸುಮಿತ್ರಮ್ಮ ಪೆನ್ನು ತೆಗೆದುಕೊಂಡರು.

ಇನ್ನೊಂದು ಮಾತೂ ಇದೆ. ಎರಡು ಮನೆಗೆ ಜಗಳ ಬಿದ್ದಾಗ ನಡುವಿನ ಮನೆಯವಳು ಇಬ್ಬರ ಮನೆಯ ನೀರೂ ಕುಡಿಯಬೇಕು, ಅವರಿಗೂ ಹೂಂ ಇವರಿಗೂ ಹೂಂ ಅನ್ನಬೇಕು, ನಾಲ್ಕು ದಿನದಲ್ಲಿ ಇಬ್ಬರೂ ತಣ್ಣಗಾಗುತ್ತಾರೆ ಎಂದು ಸುಮಿತ್ರಮ್ಮನ ತಾಯಿ ಹೇಳಿಕೊಟ್ಟಿದ್ದರು. ಬೇಲಿ ಜಗಳ, ನೀರಿನ ಜಗಳ, ಅತ್ತೆ ಸೊಸೆ ಜಗಳ, ಎಲ್ಲದರಲ್ಲೂ ಅದು ನಡೆದುಬಂದಿದೆ. ಬಾಯಿಯ ಹೂಂ ಗಾಳಿಗೆ ಹೋಗುತ್ತದೆ, ಕಾಗದದ ಹೂಂ ಕಪಾಟಿಗೆ ಹೋಗುತ್ತದೆ ಎನ್ನುವುದನ್ನು ಆ ತಾಯಿ ಹೇಳಿರಲಿಲ್ಲ. ಅವರ ಕಾಲಕ್ಕೆ ಅಷ್ಟು ಕಾಗದ ಎಲ್ಲಿತ್ತು?

ಸಭೆ ಭಾನುವಾರ. ಕೊಪ್ಪದ ಸಭಾಭವನದಲ್ಲಿ ಮೂರೂ ತಾಲ್ಲೂಕಿನ ಸದಸ್ಯರು ಸೇರಿದ್ದರು. ಸುಮಿತ್ರಮ್ಮನನ್ನು ಎರಡೂ ಕಡೆಯವರು ಕರೆದಿದ್ದರಿಂದ ಮುಂದಿನ ಸಾಲಿನಲ್ಲಿ ಕೂರಿಸಿದರು. ಪಕ್ಕದಲ್ಲಿ ರೇಣುಕಪ್ಪ. ಒಂದೇ ಒಂದು ಆಸೆ ಇಟ್ಟುಕೊಂಡು ಬಂದಿದ್ದರು ಆಕೆ: ನಡೆದದ್ದನ್ನು ಎಲ್ಲರ ಮುಂದೆ ಒಮ್ಮೆ ಹೇಳಿಬಿಡುವುದು, ಬೈದರೆ ಬೈಸಿಕೊಳ್ಳುವುದು, ಸೋಮವಾರ ಬೆಳಗ್ಗೆ ಮತ್ತೆ ಹೋಗಿ ಒಲೆ ಹಚ್ಚುವುದು. ಆ ಒಲೆ ತನ್ನ ಕೈ ತಪ್ಪಬಾರದು. ಉಳಿದದ್ದು ಯಾರಿಗೆ ಬೇಕಾದರೂ ಹೋಗಲಿ.

ಯಜ್ಞೇಶ ಮೊದಲು ಮಾತಾಡಿದರು. ತನಗೆ ಅಧಿಕಾರ ಬೇಡ, ಆತ್ಮಸಾಕ್ಷಿ ತಡೆಯದೆ ನಿಂತಿದ್ದೇನೆ ಎಂದರು. ಗಂಗಾಧರ್ ಎದ್ದು, ತನಗೂ ಕುರ್ಚಿ ಬೇಡ, ಹಿರಿಯರ ಸಂಸ್ಥೆ ಉಳಿದರೆ ಸಾಕು ಎಂದರು. ಸುಮಿತ್ರಮ್ಮ ಎರಡನ್ನೂ ಗಮನವಿಟ್ಟು ಕೇಳಿ, ಇಬ್ಬರಿಗೂ ಬೇಡವಾದರೆ ಜಗಳ ಯಾತಕ್ಕೆ ಎಂದು ನಿಜವಾಗಿಯೂ ಅರ್ಥವಾಗದೆ ಗಂಡನ ಕಡೆ ಬಗ್ಗಿ ಕೇಳಿದರು.

"ನೀನೇ ಬಡಿಸ್ದವಳಲ್ಲ, ನಿಂಗೆ ಗೊತ್ತಿಲ್ಲವಾ? ಬೇಡ ಬೇಡ ಅನ್ನೋರೇ ಎರಡು ಸಲ ಪಾಯಸ ಹಾಕಿಸ್ಕೊಳ್ಳೋದು" ಎಂದರು ರೇಣುಕಪ್ಪ.

ಆಮೇಲೆ ಯಜ್ಞೇಶ ತನ್ನ ಕಾಗದ ಓದಿದರು. ಚಪ್ಪಾಳೆ ಬಿತ್ತು. ಅದು ನಿಲ್ಲುವ ಮೊದಲೇ ಗಂಗಾಧರ್ ಕಡೆಯವರು ತಮ್ಮ ಕಾಗದ ಎತ್ತಿ ಹಿಡಿದರು. ಕೆಳಗೆ ಅದೇ ಸಹಿ. ಎರಡು ಕಾಗದವೂ ಕೈಯಿಂದ ಕೈಗೆ ದಾಟಿ ಸಭೆಯನ್ನೆಲ್ಲ ಸುತ್ತಿದವು. ನೋಡಿದವರೆಲ್ಲ ಒಮ್ಮೆ ಸುಮಿತ್ರಮ್ಮನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ತನ್ನನ್ನು ನೋಡಿದ್ದು ಮದುವೆಯ ದಿನ ಬಿಟ್ಟರೆ ಅದೇ ಮೊದಲು.

ಸುಮಿತ್ರಮ್ಮ ಎದ್ದು ನಿಂತರು. "ಎರಡೂ ನಾನು ಹೇಳಿದ್ದಲ್ಲ ಸ್ವಾಮಿ. ನಾನು ಹೇಳಿದ್ದೇ ಬೇರೆ. ಹುಳಿ ಹಳೇದಾಗಿತ್ತು. ತಪ್ಪು ನನ್ನದು."

ಮೇಗುಂದದ ಹಿರಿಯ ಸದಸ್ಯ ಗಣಪಯ್ಯ, ಎರಡೂ ಕಡೆಗೆ ಬೇಕಾದವರು, ಕನ್ನಡಕ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ನೋಡಿ, ಈಗ ಮೂರನೇದು ಬಂತು."

ಜನ ನಕ್ಕರು. ಕೆಟ್ಟ ನಗು ಅಲ್ಲ ಅದು, ಬಹಳ ಹೊತ್ತು ಬಿಗಿದು ಕುಳಿತವರು ಸಡಿಲವಾಗುವ ನಗು. ಆ ನಗುವಿನಲ್ಲಿ ಯಜ್ಞೇಶನೂ ಗಂಗಾಧರನೂ ಸೇರಿಕೊಂಡದ್ದನ್ನು ಸುಮಿತ್ರಮ್ಮ ಕಂಡರು. ಇನ್ನೂ ಹೇಳುವುದಿತ್ತು, ನಾಲಿಗೆಯ ಸಂಗತಿ, ಬೆಲ್ಲದ ಸಂಗತಿ. ಯಾರೋ ಭುಜ ಮುಟ್ಟಿ, "ಕೂತ್ಕೊಳಿ ಅಮ್ಮ, ಸಮಿತಿ ಉಂಟಲ್ಲ, ನೋಡ್ತದೆ" ಎಂದರು. ಕುಳಿತರು.

ಗಣಪಯ್ಯ ಮುಂದುವರಿಸಿದರು. ಇಬ್ಬರೂ ಸಜ್ಜನರು, ಇಬ್ಬರ ಕಳಕಳಿಯೂ ಒಂದೇ, ಒಬ್ಬ ಹೆಂಗಸಿನ ಹಿಡಿತವಿಲ್ಲದ ಮಾತು ಇಬ್ಬರನ್ನೂ ದಾರಿ ತಪ್ಪಿಸಿತು, ಇದಕ್ಕಾಗಿ ಸಂಘ ಒಡೆಯುವುದು ಬೇಡ ಎಂದರು. ಕಾಫಿಗೆಂದು ಅರ್ಧ ಗಂಟೆ ಬಿಟ್ಟರು. ಕಾಫಿ ಮುಗಿಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಯಜ್ಞೇಶ ಅಧ್ಯಕ್ಷರು. ಗಂಗಾಧರ್ ಗೌರವಾಧ್ಯಕ್ಷರು, ಆ ಹುದ್ದೆ ಬೆಳಗ್ಗೆ ಇರಲಿಲ್ಲ, ಮಧ್ಯಾಹ್ನಕ್ಕೆ ಇತ್ತು. ಹಾಸ್ಟೆಲ್ಲಿನ ಅಡುಗೆಮನೆಯನ್ನು ಹೊರಗಿನವರಿಗೆ ವಹಿಸುವುದು, ಸುಮಿತ್ರಮ್ಮನವರ ವಯಸ್ಸು ಮತ್ತು ಘನತೆಯನ್ನು ಮನಸ್ಸಿನಲ್ಲಿಟ್ಟು ಅವರಿಗೆ ವಿಶ್ರಾಂತಿ ಕೊಡುವುದು ಎಂದು ಠರಾವು ಓದಿದರು. ಘನತೆ ಎನ್ನುವ ಮಾತು ಬಂದಾಗ ಎರಡೂ ಕಡೆಯವರು ಒಟ್ಟಿಗೆ ಕೈ ಎತ್ತಿದರು. ಸುಮಿತ್ರಮ್ಮನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಒಂದು ತುದಿ ಯಜ್ಞೇಶ ಹಿಡಿದಿದ್ದರು, ಇನ್ನೊಂದು ತುದಿ ಗಂಗಾಧರ್. ಫೋಟೋದವನು ಸ್ವಲ್ಪ ನಗಿ ಅಮ್ಮ ಎಂದ.

ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕದಲ್ಲಿ ಕುಳಿತ ಸುಮಿತ್ರಮ್ಮ, ಎಲ್ಲಿ ತಪ್ಪಿದೆ ಎಂದು ಹಿಂದಿನಿಂದ ಮುಂದಕ್ಕೆ ನೆನೆಯುತ್ತಾ ಬಂದರು. ಮಾಡಿದ ತಪ್ಪು ಎಲ್ಲಿಯೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು, ಡಬ್ಬಿಯ ತಳದಲ್ಲಿ. ಅದಕ್ಕೆ ಯಾರೂ ಒಂದು ಮಾತು ಬೈಯಲಿಲ್ಲ. ಮಾಡದ ತಪ್ಪು ಯಾವುದೆಂದು ಮಾತ್ರ ಕಮ್ಮರಡಿ ಬರುವವರೆಗೂ ತಿಳಿಯಲಿಲ್ಲ.

ಸೋಮವಾರ ಹಾಸ್ಟೆಲ್ಲಿಗೆ ಉಗ್ರಾಣದ ಬೀಗದ ಕೈ ಕೊಡಲು ಹೋದರು. ಹುಡುಗಿಯರು ಕ್ಲಾಸಿಗೆ ಹೋಗಿದ್ದರು. ವನಮಾಲಾ ಬಾಗಿಲಲ್ಲೇ ಕೈ ಹಿಡಿದುಕೊಂಡು ಅತ್ತಳು. "ನಿನ್ನೆ ಸಭೆಯಲ್ಲಿ ನಾನು ಎದ್ದು ಹೇಳ್ಬೇಕಿತ್ತು ಸುಮಿತ್ರಮ್ಮ, ನಾನು ಅವತ್ತು ಇರ್ಲಿಲ್ಲ ಅಂತ. ಬಾಯಿ ಬರ್ಲಿಲ್ಲ."

"ಹೇಳಿದ್ರೆ ಅದು ನಾಲ್ಕನೇದು ಆಗ್ತಿತ್ತು. ಮಕ್ಕಳನ್ನ ನೋಡ್ಕೋ" ಎಂದರು ಸುಮಿತ್ರಮ್ಮ.

ಒಳಗೆ ಹೊಸಬರು ಇಬ್ಬರು ಗ್ಯಾಸಿನ ದೊಡ್ಡ ಒಲೆ ಜೋಡಿಸುತ್ತಿದ್ದರು. ಗೋಡೆಗೆ ಹೊಸ ಬೋರ್ಡು ಬಂದಿತ್ತು, ಆಹಾರ ಎಂದು ಶುರುವಾಗಿ ಸಂಹಿತೆ ಎಂದು ಮುಗಿಯುತ್ತಿತ್ತು; ನಡುವಿನದನ್ನು ಕೂಡಿಸಿ ಓದುವಷ್ಟು ಹೊತ್ತು ಅವರು ನಿಲ್ಲಲಿಲ್ಲ. ಹೊಸಬರಲ್ಲಿ ಒಬ್ಬ ಇವರು ಯಾರೆಂದು ತಿಳಿಯದೆ, "ಎಂತ ಬೇಕಿತ್ತು ಅಮ್ಮ?" ಎಂದು ಕೇಳಿದ. ಎಂತದೂ ಇಲ್ಲ ಎಂದು ಬಂದುಬಿಟ್ಟರು.

ಮನೆಗೆ ಬಂದಾಗ ಹತ್ತು ಗಂಟೆ. ಹತ್ತೊಂಬತ್ತು ವರ್ಷದಲ್ಲಿ ಹತ್ತು ಗಂಟೆಗೆ ತಮ್ಮ ಮನೆ ಹೇಗಿರುತ್ತದೆಂದು ಅವರು ಸರಿಯಾಗಿ ನೋಡಿರಲಿಲ್ಲ. ಬಿಸಿಲು ಅಡುಗೆಮನೆಯ ಹೊಸ್ತಿಲವರೆಗೆ ಬಂದಿತ್ತು. ಜಗಲಿಯಿಂದ ರೇಣುಕಪ್ಪ, "ಕೊಟ್ಟು ಬಂದ್ಯಾ?" ಎಂದರು. ಕೊಟ್ಟೆ ಎಂದರು. ಹಿತ್ತಿಲಲ್ಲಿ ಬೆಳಗ್ಗೆ ನೆನೆಹಾಕಿದ ಬಟ್ಟೆ ಬಕೆಟ್ಟಿನಲ್ಲಿತ್ತು. ಸುಮಿತ್ರಮ್ಮ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡರು, ಕಲ್ಲಿನ ಮೇಲೆ ಎರಡು ಚೆಂಬು ನೀರು ಹೊಯ್ದರು, ಗಂಡನ ಅಂಗಿ ತೆಗೆದು ಕಾಲರಿನ ಕಡೆಯಿಂದ ಸೋಪು ಹಚ್ಚಿ ಉಜ್ಜತೊಡಗಿದರು. ಅದು ಮುಗಿದ ಮೇಲೆ ಟವೆಲ್ಲು, ಆಮೇಲೆ ತಮ್ಮ ಎರಡು ರವಿಕೆ. ಒಂದೊಂದನ್ನೇ ಹಿಂಡಿ, ಕೊಡವಿ, ತಂತಿಯ ಮೇಲೆ ಹರವಿ, ಗಾಳಿಗೆ ಹಾರದ ಹಾಗೆ ಕ್ಲಿಪ್ಪು ಸಿಕ್ಕಿಸಿದರು.